ಸಹಾಯ ಬೇಕು: ಹಳೇ ಫಿಲ್ಮ್ ಕ್ಯಾಮೆರಾ ಜೊತೆ ಜಪಾನ್‌ಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಿಂದ ಟೋಕಿಯೋಗೆ ಹೊರಟಿದ್ದೇನೆ. ಅಪ್ಪನ ಯಾಶಿಕಾ ಮ್ಯಾಟ್ 124ಜಿ ಜೊತೆಗಿರುತ್ತದೆ. ಅದು ತಯಾರಾದ ದೇಶದಲ್ಲೇ ಅದರಿಂದ ಫೋಟೋ ತೆಗೆಯಬೇಕು ಅನ್ನೋದು ಬಹಳ ದಿನಗಳ ಆಸೆ.

ಚಿಂತೆ ಇರೋದು ಫಿಲ್ಮಿನದು. ವಿಮಾನ ನಿಲ್ದಾಣದಲ್ಲಿ ಕೈಚೀಲ ತಪಾಸಣೆ ಮಾಡುವ ಹೊಸ ಸಿಟಿ (CT) ಎಕ್ಸ್-ರೇ ಸ್ಕ್ಯಾನರ್‌ಗಳು ಡೆವಲಪ್ ಆಗದ ರೋಲ್‌ಗಳನ್ನು ಹಾಳು ಮಾಡಬಹುದು ಎಂದು ಕೊಡಾಕ್ ಎಚ್ಚರಿಸಿದೆ. ಚೆಕ್-ಇನ್ ಲಗೇಜಿನಲ್ಲಿ ಇಡುವ ಮಾತೇ ಇಲ್ಲ, ಅಲ್ಲಿ ಅಪಾಯ ಜಾಸ್ತಿ. 400 ಐಎಸ್‌ಒ (ಫಿಲ್ಮಿನ ಬೆಳಕಿನ ಸೂಕ್ಷ್ಮತೆಯ ಅಳತೆ) ರೋಲ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಕೈಯಲ್ಲೇ ಪರಿಶೀಲಿಸಿ ಎಂದು ಕೇಳೋಣ ಅಂದುಕೊಂಡಿದ್ದೇನೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಯಾರಾದರೂ ಹೀಗೆ ಕೇಳಿದ್ದೀರಾ? ಸಿಬ್ಬಂದಿ ಒಪ್ಪಿದರಾ? ಇಲ್ಲ, ಟೋಕಿಯೋದಲ್ಲೇ ಕೊಂಡು ಅಲ್ಲೇ ಡೆವಲಪ್ ಮಾಡಿಸೋದು ವಾಸಿಯಾ?

ಇನ್ನೊಂದು ವಿಷಯ. ವಾಪಸ್ ಬರುವಾಗ ಕ್ಯಾಮೆರಾ ಅಲ್ಲೇ ಕೊಂಡದ್ದು ಅಂತ ಅನುಮಾನ ಬರಬಾರದು ಅಲ್ವಾ? ಹೊರಡುವಾಗ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ (ವಸ್ತು ಇಲ್ಲಿಂದಲೇ ಒಯ್ದದ್ದು ಅನ್ನೋ ಪತ್ರ) ಮಾಡಿಸಿದವರಿದ್ದರೆ, ಎಷ್ಟು ಹೊತ್ತು ಹಿಡಿಯಿತು, ದಯವಿಟ್ಟು ತಿಳಿಸಿ.