ಯೂನಿವರ್ಸಿಟಿ ಪಕ್ಕದಲ್ಲಿರೋ ಜನಕ್ಕೆ ಅದು "ನಮ್ದು" ಅನ್ಸುತ್ತಾ? ಬೆಂಗಳೂರಲ್ಲಿ ಕಂಡಿದ್ದು, ಕೊಡಗಲ್ಲಿ ಕಾಣ್ತಿರೋದು

ಸೋಮವಾರಪೇಟೆ_ವಾಪಸ್:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಬೆಂಗಳೂರಲ್ಲಿ ಮಲ್ಲತ್ತಹಳ್ಳಿ ಕಡೆ ಬಾಡಿಗೆಗಿದ್ದೆ, ಈಗ ಅಪ್ಪಂಗೆ ಹುಷಾರಿಲ್ಲ ಅಂತ ತೋಟ ನೋಡ್ಕೊಳ್ಳೋಕೆ ವಾಪಸ್ ಬಂದಿದೀನಿ. ಅಲ್ಲಿ ಇದ್ದಾಗ ಬೆಂಗಳೂರು ಯೂನಿವರ್ಸಿಟಿ ಜ್ಞಾನಭಾರತಿ ಕ್ಯಾಂಪಸ್ಸು ಮನೆಯಿಂದ ನಡ್ಕೊಂಡು ಹೋಗೋ ದೂರ, ಸಾವಿರಕ್ಕೂ ಹೆಚ್ಚು ಎಕರೆ ಅಂತೆ, ಬೆಳಗ್ಗೆ ಆರು ಗಂಟೆಗೆ ಹೋದ್ರೆ ನವಿಲು ಕೂಗ್ತಿರುತ್ತೆ, ಸುತ್ತಮುತ್ತಲಿನ ಬಡಾವಣೆಯವರೆಲ್ಲಾ ಶೂ ಹಾಕ್ಕೊಂಡು ಅಲ್ಲೇ. ನಮ್ಮ ಓನರ್ ಅಂಕಲ್ ಅಂತೂ "ನಮ್ ಯೂನಿವರ್ಸಿಟಿ" ಅಂತಾನೇ ಹೇಳೋರು. ಆದ್ರೆ ಒಳಗೆ ಏನು ಓದಿಸ್ತಾರೆ, ಯಾರು ಓದ್ತಾರೆ ಅಂತ ಕೇಳಿದ್ರೆ ಗೊತ್ತಿಲ್ಲ. ಅವರಿಗದು ವಾಕಿಂಗ್ ಜಾಗ, ಮೈಸೂರು ರೋಡಿಗೆ ಹೋಗೋ ಶಾರ್ಟ್‌ಕಟ್, ಮೇಲಿನ ಎರಡು ಫ್ಲೋರು ಪಿಜಿಗೆ ಕೊಟ್ಟಿದ್ರಿಂದ ಬಾಡಿಗೆ ಕೂಡ.

ಇಲ್ಲಿಗೆ ಬಂದ ಮೇಲೆ ಇದೇ ಪ್ರಶ್ನೆ ತಲೇಲಿ. ನಮಗೂ ಈಗ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಇದೆ. ನಮ್ಮ ಅತ್ತೇನ ಕೇಳ್ದೆ, ಅವರ ಮನೆ ಅಲ್ಲಿಗೆ ಹೆಚ್ಚು ದೂರ ಇಲ್ಲ, "ಅದೇ ಆ ಜ್ಞಾನ ಕಾವೇರಿ ಬೋರ್ಡ್ ಇರೋದಲ್ವಾ, ಬಸ್ಸಲ್ಲಿ ಹೋಗುವಾಗ ನೋಡಿದೀನಿ" ಅಂದ್ರು ಅಷ್ಟೆ. ನಿಮ್ಮ ಊರಲ್ಲಿ ಜನ ಏನಂತಾರೆ? ಓದೋ ಮಕ್ಕಳಿಗೆ ಬಿಟ್ಟು ಉಳಿದವರಿಗೆ ಅದರಿಂದ ಏನಾದ್ರೂ ಆಗಿದ್ಯಾ? ಜಗಳ ಮಾಡೋಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ.

ವಿರಾಜಪೇಟೆ_ಹುಡುಗಿ:

ಅಣ್ಣ, ನೀವು ಅಲ್ಲಿ ವಾಕಿಂಗ್ ಮಾಡ್ತಿದ್ರಿ, ನಾನು ಅಲ್ಲೇ ಹಾಸ್ಟೆಲಲ್ಲಿದ್ದೆ 😄 ನಮಗೆ ನಿಮ್ಮ ಶಾರ್ಟ್‌ಕಟ್ಟೇ ದೊಡ್ಡ ತಲೆನೋವು. ಕ್ಲಾಸ್ ಬಿಟ್ಟು ರೋಡ್ ದಾಟಬೇಕಂದ್ರೆ ಕಾರು ಟೆಂಪೋ ಬಸ್ಸು ಎಲ್ಲಾ ಹೈವೇ ಥರ ಹೋಗ್ತಿರೋದು. 2022 ಅಕ್ಟೋಬರಲ್ಲಿ ಕ್ಯಾಂಪಸ್ ಒಳಗೇ ಒಬ್ಬ ವಿದ್ಯಾರ್ಥಿನಿ ಬಸ್ಸಿಗೆ ಸಿಕ್ಕಿದ್ದು ನೆನಪಿದ್ಯಾ, ಅದಾದ್ಮೇಲೆ ಸ್ಟೂಡೆಂಟ್ಸ್ ಎಲ್ಲಾ ರೋಡಲ್ಲಿ ಕೂತು ಹೊರಗಿನ ಗಾಡಿ ಬಿಡಬೇಡಿ ಅಂತ ಹಟ ಹಿಡಿದ್ರು. ಆವಾಗ ಏರಿಯಾದವರು ಕೆಲವರು ನಮ್ಮ ಜೊತೆ ನಿಂತ್ರು, ಕೆಲವರು "ಹಾಗಾದ್ರೆ ನಾವು ಸುತ್ತಾಕ್ಕೊಂಡು ಹೋಗ್ಬೇಕಾ" ಅಂದ್ರು. "ನಮ್ದು" ಅನ್ನೋ ಮಾತಿಗೆ ಅರ್ಥ ಅವತ್ತು ಗೊತ್ತಾಯ್ತು ನಂಗೆ. ನಿಮ್ಮ ಓನರ್ ಅಂಕಲ್ ಯಾವ ಕಡೆ ಇದ್ರು ಅಂತ ಕೇಳಲ್ಲ ಬಿಡಿ.

ಕೂಡಿಗೆ_ಕ್ರಾಸ್:

ನಾನು ಕುಶಾಲನಗರ ಕಡೆಯವನು. ಚಿಕ್ಕ ಅಳುವಾರ ಬಗ್ಗೆ "ಬೋರ್ಡ್ ಅಷ್ಟೆ" ಅಂತ ಮಾತಾಡೋರೆಲ್ಲಾ ಒಂದು ಸಲ ಬೆಳಗ್ಗೆ ಎಂಟೂವರೆಗೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತ್ಕೊಳ್ಳಿ. ಪಿರಿಯಾಪಟ್ಟಣ ಅರಕಲಗೂಡು ಕಡೆಯಿಂದ್ಲೂ ಹುಡುಗಿಯರು ಬರ್ತಾರೆ, ಟಿಫನ್ ಬಾಕ್ಸ್ ಕಟ್ಕೊಂಡು, ಸಂಜೆ ವಾಪಸ್ ಮನೆಗೆ. ನನ್ನ ತಂಗೀನೂ ಹಾಗೇ ಓದಿದ್ದು. ಡಿಗ್ರಿ ಮುಗಿದಾಗ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ರು, ಮೈಸೂರು ಮಂಗಳೂರು ಅಂತ ಹಾಸ್ಟೆಲಿಗೆ ಕಳ್ಸಲ್ಲ, ದುಡ್ಡೂ ಇಲ್ಲ ಅಂತ. ಮನೆಯಿಂದ ಹೋಗಿ ಬರೋ ದೂರದಲ್ಲಿ ಇತ್ತು ಅಂತ ಪಿಜಿ (ಸ್ನಾತಕೋತ್ತರ) ಓದು ಆಯ್ತು, ಇಲ್ಲಾಂದ್ರೆ ಅದೇ ವರ್ಷ ಮದುವೆ ಮಾಡಿ ಕಳ್ಸಿರೋರು. ನಮ್ಮನೆಗೆ ಯೂನಿವರ್ಸಿಟಿ ಏನು ಮಾಡ್ತು ಅಂದ್ರೆ ಇದು ಮಾಡ್ತು. ಜೆರಾಕ್ಸ್ ಅಂಗಡಿ ಆಟೋ ಲೆಕ್ಕ ಬೇರೆ.

ಹಾ, ಬಸ್ ತಪ್ಪಿದ್ರೆ ಮಾತ್ರ ದೇವ್ರೇ ಗತಿ, ಮಳೇಲಿ ಅಂತೂ ಕೇಳ್ಬೇಡಿ.

ಸಂಪಾಜೆಕಾರ:

ನಮ್ಮ ಕಡೆ ಕಥೆಯೇ ಬೇರೆ ಮಾರಾಯ್ರೆ. ಘಾಟಿ ಕೆಳಗಿನವರಿಗೆ ಸುಳ್ಯ ಪುತ್ತೂರೇ ಪೇಟೆ, ಮಕ್ಕಳು ಓದ್ಲಿಕ್ಕೆ ಹೋಗುದೂ ಅತ್ತ ಕಡೆಗೇ. ಯೂನಿವರ್ಸಿಟಿ ಅಂದ್ರೆ ನಮ್ಗೆ ಕೊಣಾಜೆ. 1968ರಲ್ಲಿ ಮೈಸೂರು ಯೂನಿವರ್ಸಿಟಿಯ ಪಿಜಿ ಸೆಂಟರ್ ಆಗಿ ಶುರುವಾದ್ದು, 1980ರಲ್ಲಿ ಮಂಗಳೂರು ವಿವಿ ಆಯ್ತು, ದಕ್ಷಿಣ ಕನ್ನಡಕ್ಕೂ ಕೊಡಗಿಗೂ ಅದೇ. ಆದ್ರೆ ಮೇಲೆ ಮಡಿಕೇರಿ, ವಿರಾಜಪೇಟೆ ಅವರಿಗೆ ಒಂದು ಸೀಲ್ ಹಾಕಿಸ್ಲಿಕ್ಕೆ ಇಡೀ ಘಾಟಿ ಇಳಿದು ಬರ್ಬೇಕಿತ್ತು. 2018 ಆಗಸ್ಟಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ರೋಡೇ ಹೋಯ್ತಲ್ಲ, ಆಗ ಮಂಗಳೂರಿಗೆ ಹೋಗ್ಬೇಕಾದ ಮೇಲಿನವರು ಎಲ್ಲಿಂದ ಎಲ್ಲಿಗೆ ಸುತ್ತಿದ್ರು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ನಕ್ಷೆಯಲ್ಲಿ ನೋಡಿದ್ರೆ ಹತ್ತಿರ, ಮಳೆಗಾಲದಲ್ಲಿ ದೂರ. ಹಾಗಾಗಿ ಜಿಲ್ಲೆಗೆ ಒಂದು ಬೇಕು ಅಂದದ್ದು ಸರಿಯೇ ಉಂಟು. ಆದ್ರೆ ಅದನ್ನು ಜಿಲ್ಲೆಯ ಇನ್ನೊಂದು ಮೂಲೇಲಿ ಇಟ್ಟು ಎಲ್ಲರದ್ದು ಅಂದ್ರೆ ನಮ್ಗೆ ಹೇಗೆ ಅನ್ಸ್ಬೇಕು ಹೇಳಿ.

ನಿವೃತ್ತ_ಮೇಷ್ಟ್ರು:

ಸಂಪಾಜೆಯವರಿಗೆ ಒಂದು ಹಳೇ ಮಾತು. 1956ರ ತನಕ ಕೊಡಗು ಅಂದ್ರೆ ಒಂದು ರಾಜ್ಯ ಕಣ್ರಿ, ಕೇಂದ್ರದ ಹಿಡಿತದಲ್ಲಿದ್ದ ಸಣ್ಣ "ಸಿ" ವರ್ಗದ ರಾಜ್ಯವೇ ಇರಲಿ, ಸ್ವಂತ ಮುಖ್ಯಮಂತ್ರಿ, ಸ್ವಂತ ಅಸೆಂಬ್ಲಿ. ಮಡಿಕೇರಿ ಸರ್ಕಾರಿ ಕಾಲೇಜು 1949ರಲ್ಲೇ ಶುರುವಾಗಿತ್ತು, ಈಗ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಅಂತೀವಲ್ಲ ಅದೇ. ರಾಜ್ಯ ಹೋಯ್ತು, ಯೂನಿವರ್ಸಿಟಿ ಮಾತ್ರ ಯಾವತ್ತೂ ಬೇರೆ ಊರಿನದ್ದೇ, ನಾನು ಮೈಸೂರು ಸರ್ಟಿಫಿಕೇಟ್ ತಗೊಂಡವನು, ನನ್ನ ಮಕ್ಕಳು ಮಂಗಳೂರಿನದ್ದು. 2023ರಲ್ಲಿ ನಮ್ಮದೇ ಹೆಸರಿಂದು ಬಂತು ಅಂದಾಗ, ನಿಜ ಹೇಳ್ತೀನಿ, ಕಣ್ಣು ಒದ್ದೆ ಆಯ್ತು. ಎರಡೇ ವರ್ಷಕ್ಕೆ, 2025 ಫೆಬ್ರವರಿಯಲ್ಲಿ, ಸಂಪುಟ ಉಪಸಮಿತಿ ಹೊಸ ಒಂಬತ್ತು ವಿವಿ ಮುಚ್ಚಬೇಕು ಅಂತ ಹೇಳಿತು, ಅದರಲ್ಲಿ ಕೊಡಗೂ ಸೇರಿತ್ತು. ದುಡ್ಡಿಲ್ಲ, ಜಾಗ ಇಲ್ಲ, ಕಾಯಂ ಮೇಷ್ಟ್ರಿಲ್ಲ ಅಂತ ಕಾರಣ. ಕೂಸು ಹುಟ್ಟಿದ ಮೇಲೆ ಹಾಲು ಕೊಡದೆ ಸಣ್ಣಗಾಗಿದೆ ಅಂತ ಬೈದ ಹಾಗೆ.

ಆಗ ಇಲ್ಲಿ ಪ್ರತಿಭಟನೆ ಆಯ್ತು, ನಾನೂ ಕೊಡೆ ಹಿಡ್ಕೊಂಡು ಹೋಗಿದ್ದೆ, ಬಿಸಿಲಿಗೆ. ಪಕ್ಕದಲ್ಲಿ ನಿಂತಿದ್ದ ಒಬ್ಬರನ್ನ ಕೇಳ್ದೆ, ಯೂನಿವರ್ಸಿಟಿ ಒಳಗೆ ಹೋಗಿದ್ದೀರಾ ಅಂತ. ಇಲ್ಲ ಅಂದ್ರು. ಆಮೇಲೆ ಯೋಚಿಸಿದ್ರೆ ನಾನೂ ಹೋಗಿಲ್ಲ! ಹೆಸರಿಗೋಸ್ಕರ ಹೋರಾಡೋಕೆ ನಾವು ಗಟ್ಟಿ.

ಇಂಚು_ಸೆಂಟು:

ಕಿಗ್ಗಟ್ಟುನಾಡಿನವನು, ಅಂದ್ರೆ ದಕ್ಷಿಣ ಕೊಡಗು, ಕಾಫಿ ಬೆಳೆಗಾರ. ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ನಮ್ಮ ಕಡೆ ಜನ ಕೊಡಗು ವಿವಿ ಬಗ್ಗೆ ಅಷ್ಟಾಗಿ ಮಾತಾಡಲ್ಲ, ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜ್ ಬಗ್ಗೆ ಮಾತಾಡ್ತಾರೆ. 1995ರದ್ದು. ಈಗ ಅದು ಶಿವಮೊಗ್ಗದ ಕೃಷಿ ತೋಟಗಾರಿಕಾ ವಿವಿ ಕೆಳಗೆ ಬರುತ್ತೆ, ಮೊದಲು ಬೆಂಗಳೂರು ಕೃಷಿ ವಿವಿ ಕೆಳಗಿತ್ತು, ಆದ್ರೆ ನಮ್ಮೂರವರಿಗೆ ಅದು ಯಾವ ಯೂನಿವರ್ಸಿಟಿದು ಅನ್ನೋದೇ ಬೇಕಿಲ್ಲ. ಮಡಿಕೇರಿ ಮೆಡಿಕಲ್ ಕಾಲೇಜೂ ಹಾಗೇ ನೋಡಿ, ಜನ ಅದನ್ನ ಕಾಲೇಜು ಅನ್ನಲ್ಲ, ಜಿಲ್ಲಾಸ್ಪತ್ರೆ ಅಂತಾರೆ.

ವಿಷಯ ಏನಂದ್ರೆ, ನಮ್ಮ ತಾತ ಮಳೆ ಡೈರಿ ಬರೀತಿದ್ರು. ತೋಟದವರಿಗೆ ಗೊತ್ತಿರುತ್ತೆ, ಬಂಗಲೆ ಮುಂದೆ ಮಳೆ ಅಳೆಯೋ ಡಬ್ಬಿ, ಬೆಳಗ್ಗೆ ಕಾಫಿಗಿಂತ ಮೊದಲು ಹೋಗಿ ನೋಡಿ ಇಂಚು ಸೆಂಟಲ್ಲಿ ಬರೆಯೋದು, 2 ಇಂಚು 35 ಸೆಂಟು ಅಂತ (ಇಂಚಿನ ನೂರರಲ್ಲಿ ಒಂದು ಪಾಲು ಸೆಂಟು). ಮಿಲಿಮೀಟರ್ ಅಂದ್ರೆ ಈಗಲೂ ನಮಗೆ ತಲೆಗೆ ಹೋಗಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಯಾವತ್ತು ಬಿತ್ತು, ಎಷ್ಟು ದಿನಕ್ಕೆ ಹೂ ಅರಳ್ತು, ಎರಡನೇ ಮಳೆ ಕೈಕೊಡ್ತಾ, ಎಲ್ಲಾ ಇದೆ. ತಾತ ಆದ್ಮೇಲೆ ಅಪ್ಪ, ಅಪ್ಪ ಆದ್ಮೇಲೆ ತೋಟದ ಲೆಕ್ಕ ಬರೆಯೋ ರೈಟರ್, ಈಗ ನಾನು. ಅಷ್ಟು ವರ್ಷ ಬೀರುವಲ್ಲಿತ್ತು, ನೆಂಟರು ಬಂದ್ರೆ ತೋರ್ಸೋದು, ಹೋ ಅಂತಾರೆ, ಮುಚ್ಚಿಡೋದು.

ಸುಮಾರು ಹನ್ನೊಂದು ವರ್ಷದ ಹಿಂದೆ ಫಾರೆಸ್ಟ್ರಿ ಕಾಲೇಜಿಂದ ಒಬ್ಬ ಹುಡುಗ ಬೈಕಲ್ಲಿ ಬಂದ, ಉತ್ತರ ಕರ್ನಾಟಕದವನು, ಮೈಯೆಲ್ಲಾ ಒದ್ದೆ. ತೋಟದಲ್ಲಿ ಯಾವ ಯಾವ ನೆರಳಿನ ಮರ ಇದೆ ಅಂತ ಲೆಕ್ಕ ಹಾಕ್ಬೇಕು ಅಂದ. ಸಿಲ್ವರ್ ಓಕ್ ಎಷ್ಟು, ಅತ್ತಿ ಎಷ್ಟು, ಹಲಸು ಎಷ್ಟು. ಅಪ್ಪಂಗೆ ಮೊದಲು ಅನುಮಾನ, ಮರದ ಲೆಕ್ಕ ಅರಣ್ಯ ಇಲಾಖೆಗೆ ಕೊಡ್ತಾನೆ ಅಂತ (ತಪ್ಪೇನಿಲ್ಲ, ತೋಟದ ಮರ ಬೆಳೆಗಾರಂದಾ ಸರ್ಕಾರದ್ದಾ ಅನ್ನೋ ತಕರಾರು ಇಲ್ಲಿ ಇದ್ದೇ ಇದೆ). ಮೂರು ದಿನ ಬಂದ ಮೇಲೆ ಊಟಕ್ಕೆ ಕೂರಿಸಿದ್ವಿ, ಆಗ ಡೈರಿ ಕಣ್ಣಿಗೆ ಬಿತ್ತು. ಆ ಹುಡುಗನ ಮುಖ ನೋಡ್ಬೇಕಿತ್ತು ನೀವು! ಎರಡು ಭಾನುವಾರ ಕೂತು ಪುಟ ಪುಟ ಫೋಟೋ ಹೊಡ್ಕೊಂಡ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ತಂದುಕೊಟ್ಟ, ಮಾರ್ಚ್ ಏಪ್ರಿಲ್ ಮಳೆ ವರ್ಷದಿಂದ ವರ್ಷಕ್ಕೆ ಹೇಗೆ ಹಿಂದೆ ಮುಂದೆ ಆಗಿದೆ ಅಂತ. ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ, ಆ ಹಾಳೆ ಈಗಲೂ ಗೋಡೆ ಮೇಲಿದೆ, ಸ್ಪ್ರಿಂಕ್ಲರ್ ಯಾವಾಗ ಹಾಕ್ಬೇಕು ಅಂತ ತೀರ್ಮಾನ ಮಾಡೋವಾಗ ಅದರ ಮುಂದೆ ಹೋಗಿ ನಿಂತ್ಕೋತಾರೆ.

ನಂಗನ್ಸೋದು ಇಷ್ಟೆ, ನಾವು ಯೂನಿವರ್ಸಿಟಿಗೆ ಹೋಗೋ ಪ್ರಶ್ನೆ ಆಮೇಲೆ, ಅವರು ನಮ್ಮ ಅಂಗಳಕ್ಕೆ ಬಂದ್ರಾ ಅಂತ ಕೇಳಿ. ಚೆಟ್ಟಳ್ಳಿ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ನಮ್ಮವರು ಪರೀಕ್ಷೆಗೆ ಮಣ್ಣು ಕಟ್ಕೊಂಡು ಹೋಗ್ತಾರಲ್ಲ, ಯಾರಾದ್ರೂ ಅದು "ನಮ್ದಾ" ಅಂತ ಕೇಳಿದ್ದಾರಾ? ಕೆಲಸ ಇದೆ, ಹೋಗ್ತಾರೆ. ಚಿಕ್ಕ ಅಳುವಾರದವರು ಆನೆ ವಿಷಯ, ತೋಟದ ಕೂಲಿಯವರ ಲೈನ್ ಮನೆ ಮಕ್ಕಳ ಓದು, ಯರವ ಆದಿವಾಸಿಗಳ ಭಾಷೆ, ಏನಾದ್ರೂ ಒಂದು ಹಿಡ್ಕೊಂಡು ನಾಲ್ಕು ಜನ ಊರು ಊರು ತಿರುಗಲಿ, ಆಮೇಲೆ ಅತ್ತೇನ ಇನ್ನೊಂದು ಸಲ ಕೇಳಿ.

ಆದ್ರೆ ಎಲ್ಲಾ ಹೀಗೇ ಅಂತಲ್ಲ. ಬೇರೆ ಕಡೆಯಿಂದ ಒಂದು ತಂಡ ಬಂದು 40 ಪ್ರಶ್ನೆ ಕೇಳಿ, ಟಿಕ್ ಹಾಕ್ಕೊಂಡು, ರಿಪೋರ್ಟ್ ಕಳಿಸ್ತೀವಿ ಅಂತ ಹೋಯ್ತು. ಯಾರು ಅಂತ ಹೇಳಲ್ಲ. ಇವತ್ತಿಗೂ ಕಾಯ್ತಿದೀವಿ.

ಕೂಡಿಗೆ_ಕ್ರಾಸ್:

ಸರ್, ಅಂಗಳಕ್ಕೆ ಬರೋಕೆ ಮೊದಲು ಪಾಠ ಮಾಡೋರು ಬೇಕಲ್ವಾ, ಅತಿಥಿ ಉಪನ್ಯಾಸಕರು ಬಸ್ ಚಾರ್ಜು ಲೆಕ್ಕ ಹಾಕ್ಕೊಂಡು ಬದುಕೋವಾಗ ಊರು ಊರು ಎಲ್ಲಿ ತಿರುಗ್ತಾರೆ. ನಿಮ್ಮ ಮಾತು ಒಪ್ತೀನಿ, ಆದ್ರೂ.

ಇಂಚು_ಸೆಂಟು:

ಅದೂ ನಿಜ.

ಸೋಮವಾರಪೇಟೆ_ವಾಪಸ್:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ವಿರಾಜಪೇಟೆ ತಂಗಿ, ಓನರ್ ಅಂಕಲ್ ಸುತ್ತಾಕ್ಕೊಂಡು ಹೋಗ್ಬೇಕಾ ಅಂದವರ ಕಡೆ, ಒಪ್ಕೋತೀನಿ. ಆ ರೋಡಲ್ಲಿ ನಾನೂ ಸ್ಕೂಟರಲ್ಲಿ ಹೋಗಿದೀನಿ.

ಇಂಚು ಸೆಂಟು ಅಣ್ಣ, ನಿಮ್ಮ ಪೋಸ್ಟ್ ಓದಿ ಅಟ್ಟ ಹತ್ತಿದೆ. ನಮ್ಮನೇಲೂ ಅಜ್ಜಂದು ಇದೆ! ಟ್ರಂಕಲ್ಲಿ ಹದಿನಾಲ್ಕು ಡೈರಿ, ತಳದಲ್ಲಿದ್ದ ಮೂರು ಗೆದ್ದಲು ತಿಂದು ಮಣ್ಣಾಗಿದೆ, ಉಳಿದಿದ್ದು ಓದ್ಬಹುದು ಆದ್ರೆ ಹಾಳೆ ಅಂಟ್ಕೊಂಡಿದೆ. ಇದನ್ನ ಯಾರಿಗೆ ತೋರಿಸ್ಲಿ, ಚಿಕ್ಕ ಅಳುವಾರಕ್ಕೇ ತಗೊಂಡು ಹೋದ್ರೆ ನೋಡೋರು ಇದ್ದಾರಾ, ಇಲ್ಲಾ ಪೊನ್ನಂಪೇಟೆಗೇ ಬರ್ಲಾ?

ಇಂಚು_ಸೆಂಟು:

ಎಲ್ಲಿಗಾದ್ರೂ ಆಮೇಲೆ ಹೋಗಿ. ಅಂಟಿದ ಹಾಳೆ ಎಳೀಬೇಡಿ ಮಾರಾಯ್ರೆ, ನೇರ ಬಿಸಿಲಿಗೂ ಬೇಡ, ಜಗಲಿ ನೆರಳಲ್ಲಿ ಗಾಳಿಗೆ ಬಿಡಿಸಿ ಇಡಿ. ಓದೋಕೆ ಆಗೋ ಪುಟ ಇವತ್ತೇ ಫೋಟೋ ಹೊಡೆದು ಇಟ್ಕೊಳ್ಳಿ. ಯಾವ ವರ್ಷದಿಂದ ಇದೆ?

ಸೋಮವಾರಪೇಟೆ_ವಾಪಸ್:

ಕೈಗೆ ಸಿಕ್ಕಿದ್ದರಲ್ಲಿ ಹಳೇದು 1971. ಜುಲೈ ಪುಟ ತೆಗೆದೆ, ಮಳೆ ಲೆಕ್ಕದ ಪಕ್ಕ ಅಜ್ಜ "ದನ ಕರು ಹಾಕಿದೆ" ಅಂತ ಬರೆದಿದಾರೆ.