ಅಪ್‌ಡೇಟ್: ಅಮ್ಮನ ಬೆನ್ನುಮೂಳೆಗೆ ಆಪರೇಷನ್ ಬೇಕಾಗಲಿಲ್ಲ

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ. ಉಡುಪಿಯಿಂದ ದುಬೈಗೆ ನಮ್ಮ ಮನೆಗೆ ಬಂದಿದ್ದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಎಲ್1 (ಸೊಂಟದ ಭಾಗದ ಮೊದಲ ಬೆನ್ನೆಲುಬು) ಮೂಳೆ ಮುರಿದಿದೆ, ಇಲ್ಲೇ ಆಪರೇಷನ್ ಮಾಡಿಸೋದಾ, ಊರಿಗೆ ಕರೆದುಕೊಂಡು ಹೋಗೋದಾ ಅಂತ.

ಸದ್ಯಕ್ಕೆ ಎರಡೂ ಬೇಕಾಗಲಿಲ್ಲ! ಎಂಆರ್‌ಐ ಸಿಡಿ ಇನ್ನೊಬ್ಬ ಸ್ಪೈನ್ ಡಾಕ್ಟರಿಗೆ ತೋರಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಆ ಡಾಕ್ಟರ್ ನೋಡಿ, ಮೂಳೆಯ ಮುಂಭಾಗ ಮಾತ್ರ ಕುಸಿದಿದೆ, ನರಕ್ಕೆ ಒತ್ತಡ ಇಲ್ಲ, ಬೆನ್ನಿಗೆ ಬೆಲ್ಟ್ ಹಾಕಿ ನಡೆಸಿ ಎಂದರು. ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಬರಬೇಕಂತೆ.

ಮಗ್ಗುಲಾಗುವಾಗ ಭುಜ, ಸೊಂಟ ಒಟ್ಟಿಗೆ, ಮರದ ದಿಮ್ಮಿ ಹಾಗೆ ಹೊರಳಿಸಿ ಎಂಬ ಸಲಹೆ ತುಂಬಾ ಉಪಯೋಗವಾಯಿತು. ಬರೀ ಹಲಗೆ ಮೇಲೆ ಮಲಗಿಸಿದ್ದು ಸುಮ್ನೆ ನೋವು ಜಾಸ್ತಿ ಮಾಡಿತು, ಅಷ್ಟೇ. ಎಣ್ಣೆ ತಿಕ್ಕೋ ವಿಷಯ ಎತ್ತಿದ್ದಕ್ಕೆ ಡಾಕ್ಟರ್ ಬೈದರು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ) ಸಿಕ್ಕಿತು. ಮೂಳೆ ಮೊದಲೇ ಟೊಳ್ಳಾಗಿತ್ತು, ಬಿದ್ದದ್ದು ಒಂದು ನೆಪ. ಅದಕ್ಕೂ ಔಷಧಿ ಶುರುವಾಗಿದೆ. ಬೆಲ್ಟ್ ಇನ್ನೂ ಎರಡು ತಿಂಗಳು.

ಇನ್ಶೂರೆನ್ಸ್ ಹಣದ ಕಥೆ ಮುಗಿದಿಲ್ಲ. ಅಮ್ಮ ಮಾತ್ರ ಬೆಲ್ಟ್ ಕಟ್ಟಿಕೊಂಡೇ ನನ್ನ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದಾರೆ.