ಡೇರಿಂಗ್ 1:32 ಉಗಿ ಮಾದರಿ: ಎಂಜಿನ್ ಭೋರಿಡುತ್ತದೆ, ದೋಣಿ ಮಾತ್ರ ಓಡುವುದಿಲ್ಲ

ಉಗಿಯಾನಿ
ತಾಳ್ಮೆ ಪೂರ್ತಿ ಮುಗಿದ ಮೇಲೆ ಇಲ್ಲಿ ಕೇಳುತ್ತಿದ್ದೇನೆ. ಮಾದರಿ ಎಚ್‌ಎಂಎಸ್ ಡೇರಿಂಗ್, ಬ್ರಿಟನ್ನಿನ ಥಾರ್ನಿಕ್ರಾಫ್ಟ್ ಕಂಪನಿ 1893ರಲ್ಲಿ ನೀರಿಗಿಳಿಸಿದ ಟಾರ್ಪಿಡೊ ದೋಣಿ ವಿಧ್ವಂಸಕ, ಅಂದರೆ ಟಾರ್ಪಿಡೊ ದೋಣಿಗಳನ್ನು ಬೆನ್ನಟ್ಟುವ ವೇಗದ ಯುದ್ಧನೌಕೆ. ಅರ್ಧ ಹಬೆಯಲ್ಲಿ ಕೆರೆಯ ನೀರನ್ನು ಸೀಳಿಕೊಂಡು ಅಚ್ಚುಕಟ್ಟಾಗಿ ಹೋಗುತ್ತದೆ. ಕವಾಟವನ್ನು ಪೂರ್ತಿ ತೆರೆದ ಕೂಡಲೇ ಎಂಜಿನ್ನಿನ ಸದ್ದು ಏರುತ್ತದೆ, ಹಿಂಭಾಗ ಗಡಗಡ ನಡುಗುತ್ತದೆ, ವೇಗ ಏರುವ ಬದಲು ಇಳಿಯುತ್ತದೆ. ಶಾಫ್ಟ್‌ಗಳು (ಪ್ರೊಪೆಲರ್ ತಿರುಗಿಸುವ ದಂಡಗಳು) ನೇರವಾಗಿವೆ, ಎಣ್ಣೆ ಹಾಕಿದ್ದೇನೆ, ಒತ್ತಡವೂ ಸರಿಯಾಗಿದೆ. ಎಲ್ಲವನ್ನೂ ನೋಡಿಯಾಯಿತು. ಇನ್ನೇನು ಉಳಿದಿದೆ?

ಬಾಯ್ಲರ್ ಮೇಸ್ತ್ರಿ
ಬಾಯ್ಲರ್ ನೀರು ಕಕ್ಕುತ್ತಿದೆ. ಕವಾಟವನ್ನು ಒಮ್ಮೆಲೇ ತೆರೆದಾಗ ಹಬೆಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ, ಆ ಹೊಡೆತಕ್ಕೆ ಹಿಂಭಾಗ ನಡುಗುತ್ತದೆ. ಗಾಜಿನ ನಳಿಕೆಯಲ್ಲಿ ನೀರನ್ನು ಅರ್ಧಕ್ಕೆ ಇಳಿಸಿ. ಹಬೆಯ ಕೊಳವೆಯನ್ನು ಬರ್ನರ್ ಮೇಲೆ ಒಂದು ಸುತ್ತು ಹಾಯಿಸಿ, ಹಬೆ ಒಣಗಲಿ.

ಕಾರವಾರದ ಕಡಲಿಗ
ದೋಣಿಯ ತೂಕ ಎಷ್ಟು? ಪ್ರೊಪೆಲರಿನ ವ್ಯಾಸ, ಅಲಗುಗಳ ಸಂಖ್ಯೆ? ನಿಂತಾಗ ಯಾವ ಗೆರೆಯವರೆಗೆ ಮುಳುಗುತ್ತದೆ? ಇವು ತಿಳಿಯದೆ ಏನೂ ಹೇಳಲಾಗದು.

ಉಗಿಯಾನಿ
ಪ್ರೊಪೆಲರ್ ಎಲ್ಲರೂ ಬಳಸುವಂಥದ್ದೇ. ತೂಕ ಹೆಚ್ಚಿಲ್ಲ, ಆ ವಿಷಯದಲ್ಲಿ ಬಹಳ ಎಚ್ಚರ ವಹಿಸಿದ್ದೇನೆ. ಮೇಸ್ತ್ರಿಯವರೇ, ನೀರು ಇಳಿಸಿ ನೋಡಿದೆ, ಕೊಳವೆಯನ್ನೂ ಸುತ್ತು ಹಾಯಿಸಿದೆ. ನಡುಕ ಹಾಗೆಯೇ ಇದೆ.

ಬಾಯ್ಲರ್ ಮೇಸ್ತ್ರಿ
ಹಾಗಾದರೆ ಬಾಯ್ಲರಿನ ಮೇಲಿನ ಗುಮ್ಮಟ ಚಿಕ್ಕದಾಗಿರಬೇಕು. ನೀರಿನ ಮೇಲ್ಮೈ ಅಗಲವಾಗಿಲ್ಲದಿದ್ದರೆ ಹಬೆ ಬಿಡುಗಡೆಯಾಗುವಾಗ ನೀರನ್ನು ಎಳೆದೊಯ್ಯುತ್ತದೆ. ನೀರು ಕೊಳವೆಯೊಳಗೆ ಹರಿಯುವ ಬಾಯ್ಲರುಗಳಿಗೆ ಇದು ಹುಟ್ಟುರೋಗ. ಆ ಕಾಲದ ಲೋಕೊಮೋಟಿವ್ ಮಾದರಿಯ, ಅಂದರೆ ರೈಲು ಎಂಜಿನ್ನಿನಂಥ, ಬಾಯ್ಲರ್ ಹಾಕಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ.

ನಕ್ಷೆಮನೆ
ಇದನ್ನು ಒಪ್ಪಲಾಗದು. ಡೇರಿಂಗ್‌ನಲ್ಲಿ ಇದ್ದದ್ದೇ ಥಾರ್ನಿಕ್ರಾಫ್ಟ್ ಅವರ ನೀರುಕೊಳವೆ ಬಾಯ್ಲರ್, ಮೂರು. ಲೋಕೊಮೋಟಿವ್ ಬಾಯ್ಲರ್ ಇದ್ದದ್ದು ‘ಯಾರೋ’ (Yarrow) ಎಂಬ ಹೆಸರಿನ ಕಂಪನಿ ಕಟ್ಟಿದ ಹ್ಯಾವಕ್‌ನಲ್ಲಿ, ಎರಡು. ಅದೇ ‘ಯಾರೋ’ ಕಂಪನಿಯವರು ಹ್ಯಾವಕ್‌ನ ಅವಳಿ ಹಾರ್ನೆಟ್‌ಗೆ ಎಂಟು ನೀರುಕೊಳವೆ ಬಾಯ್ಲರ್ ಕೂರಿಸಿ ನಾಲ್ಕು ಚಿಮಣಿ ಹಾಕಿದರು. ಒಡಲು ಒಂದೇ ವಿನ್ಯಾಸದ್ದು, ವೇಗದಲ್ಲಿ ಹಾರ್ನೆಟ್ ಮುಂದೆ ಹೋಯಿತು, ತೂಕವೂ ಟನ್‌ಗಟ್ಟಲೆ ಉಳಿಯಿತು. ಮುಚ್ಚಿದ ಬಾಯ್ಲರ್ ಕೋಣೆಗೆ ಫ್ಯಾನಿನಿಂದ ಗಾಳಿ ತುರುಕಿ ಬೆಂಕಿ ಕೆರಳಿಸಿದಾಗ ಲೋಕೊಮೋಟಿವ್ ಬಾಯ್ಲರಿನ ಕೊಳವೆ ತುದಿಗಳು ಸೋರುತ್ತಿದ್ದವು. ಆ ಕಾಲದ ಟಾರ್ಪಿಡೊ ನೌಕೆಗಳ ಎಂಜಿನ್ ಸಿಬ್ಬಂದಿಗೆ ಅದು ದಿನನಿತ್ಯದ ಗೋಳು.

ಬಾಯ್ಲರ್ ಮೇಸ್ತ್ರಿ
ಲೋಕೊಮೋಟಿವ್ ಬಾಯ್ಲರಿಟ್ಟುಕೊಂಡೇ ಹ್ಯಾವಕ್ 26 ನಾಟ್ (ಗಂಟೆಗೆ 26 ನಾಟಿಕಲ್ ಮೈಲಿ) ದಾಟಿತು. ಮೊದಲ ವಿಧ್ವಂಸಕ ಎಂಬ ಹೆಸರು ಪಡೆದದ್ದೂ ಅದೇ.

ಸ್ಪೇನ್ ಪಕ್ಷಪಾತಿ
ಮೊದಲ ವಿಧ್ವಂಸಕ ಹ್ಯಾವಕ್ ಅಲ್ಲ. ಸ್ಪೇನಿನ ನೌಕಾಧಿಕಾರಿ ಫರ್ನಾಂಡೊ ವಿಯಾಮಿಲ್ ಅವರ ಕಲ್ಪನೆಯ ‘ಡೆಸ್ಟ್ರಕ್ಟರ್’ 1886ರಲ್ಲೇ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ನೀರಿಗಿಳಿದಿತ್ತು. ಎಲ್ಲ ಕಡೆಯೂ ಬ್ರಿಟನ್ನಿನ ಹೆಸರನ್ನೇ ಹೇಳುವುದು ನ್ಯಾಯವಲ್ಲ.

ನಕ್ಷೆಮನೆ
ಡೆಸ್ಟ್ರಕ್ಟರ್ ಬಗ್ಗೆ ಗೌರವವಿದೆ. ಆದರೆ ಮುಂದೆ ಇತರರು ಅನುಸರಿಸಿದ ದಾರಿ 1892ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಫಿಶರ್ ತರಿಸಿಕೊಂಡ ವಿನ್ಯಾಸಗಳದ್ದು. ಈ ವಾದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನು ಬರುತ್ತೇನೆ.

ಕಾರವಾರದ ಕಡಲಿಗ
ಬಾಯ್ಲರನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಕವಾಟ ತೆರೆದಾಗ ಸದ್ದು ಏರುತ್ತದೆ ಎಂದು ಉಗಿಯಾನಿಯವರು ಮೊದಲೇ ಬರೆದಿದ್ದಾರೆ. ಹಬೆ ಸಾಲದಿದ್ದರೆ, ಸಿಲಿಂಡರಿಗೆ ನೀರು ನುಗ್ಗಿದರೆ, ಎಂಜಿನ್ ಏದುಸಿರು ಬಿಡುತ್ತಾ ನಿಧಾನವಾಗುತ್ತದೆ. ಇಲ್ಲಿ ಅದು ಹೊರೆ ಕಳಚಿದ ಹಾಗೆ ತಿರುಗುತ್ತಿದೆ. ಶಕ್ತಿ ಶಾಫ್ಟಿನವರೆಗೆ ಬಂದಿದೆ, ನೀರಿಗೆ ದಾಟುತ್ತಿಲ್ಲ. ನನ್ನ ಮೂರು ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ.

ನಕ್ಷೆಮನೆ
ಕಡಲಿಗರ ಮಾತು ಓದಿ ಮೈ ಜುಮ್ಮೆಂದಿತು. ನಿಜವಾದ ಡೇರಿಂಗ್‌ಗೂ ಇದೇ ಆಗಿತ್ತು! 1894ರ ಪರೀಕ್ಷಾ ಓಟದಲ್ಲಿ ಎಂಜಿನ್ನಿಗೆ ಬೇಕಾದಷ್ಟು ಶಕ್ತಿ ಇದ್ದರೂ ಹಡಗು 24 ನಾಟ್ ಆಸುಪಾಸಿನಲ್ಲಿ ಸಿಕ್ಕಿಕೊಂಡಿತು. ಪ್ರೊಪೆಲರ್ ಜಾರುತ್ತಿತ್ತು, ಹಿಂಭಾಗ ಕಂಪಿಸುತ್ತಿತ್ತು. ಥಾರ್ನಿಕ್ರಾಫ್ಟ್ ಮತ್ತು ಅವರ ಎಂಜಿನಿಯರ್ ಸಿಡ್ನಿ ಬಾರ್ನಬಿ ಹುಡುಕಿ ತೆಗೆದ ಕಾರಣ ಇದು: ಅಲಗಿನ ಬೆನ್ನಿನ ಕಡೆ ಒತ್ತಡ ಎಷ್ಟು ಕುಸಿಯುತ್ತದೆ ಎಂದರೆ ನೀರು ಅಲ್ಲಿ ಅಂಟಿಕೊಳ್ಳದೆ ಒಡೆದು ಟೊಳ್ಳು ಹುಟ್ಟುತ್ತದೆ. ಅದಕ್ಕೆ ಕ್ಯಾವಿಟೇಶನ್ ಎಂಬ ಹೆಸರು ಬಂದದ್ದು ಆಗಲೇ. ಅವರು ಅಲಗಿನ ವಿಸ್ತೀರ್ಣವನ್ನು ಸುಮಾರು 45% ಹೆಚ್ಚಿಸಿದರು. ಅದೇ ಒಡಲು, ಅದೇ ಎಂಜಿನ್, 28 ನಾಟ್ ದಾಟಿತು. ಉಗಿಯಾನಿಯವರೇ, ಅಗಲ ಅಲಗಿನ ಪ್ರೊಪೆಲರ್ ಹಾಕಿ, ಚರ್ಚೆ ಮುಗಿಯಿತು.

ನೀರೊತ್ತಡ
ಮುಗಿಯಲಿಲ್ಲ. ಕಥೆ ನಿಜ, ಆದರೆ ಈ ಮಾದರಿಗೆ ಅದು ಹಾಗೆಯೇ ಹೊಂದುವುದಿಲ್ಲ. ಅಲಗಿನ ಪ್ರತಿ ಚದರ ಅಂಗುಲಕ್ಕೆ ಸುಮಾರು 11.25 ಪೌಂಡ್ ತಳ್ಳುಬಲ ಮೀರಿದರೆ ಟೊಳ್ಳು ಶುರುವಾಗುತ್ತದೆ ಎಂಬುದು ಬಾರ್ನಬಿ ಅವರ ಲೆಕ್ಕ. 1:32 ಅಳತೆಯಲ್ಲಿ ಪ್ರಮಾಣದ ವೇಗಕ್ಕೆ ಓಡುವ ದೋಣಿಯ ಅಲಗಿಗೆ ಅದರ 32ನೇ ಒಂದು ಭಾಗ ಮಾತ್ರ ಬೀಳುತ್ತದೆ. ನೀರಿನ ಮೇಲಿನ ವಾತಾವರಣದ ಒತ್ತಡವಾದರೋ ಕುಗ್ಗುವುದಿಲ್ಲ, ಪೂರ್ತಿಯಾಗಿ ಒತ್ತುತ್ತಲೇ ಇರುತ್ತದೆ. ಆದ್ದರಿಂದ ಚಿಕ್ಕ ಪ್ರೊಪೆಲರಿನಲ್ಲಿ ಕ್ಯಾವಿಟೇಶನ್ ಸುಲಭವಾಗಿ ಹುಟ್ಟದು. ಉಗಿ ಟರ್ಬೈನ್ ರೂಪಿಸಿದ ಚಾರ್ಲ್ಸ್ ಪಾರ್ಸನ್ಸ್ 1895ರಲ್ಲಿ ಚಿಕ್ಕ ಪ್ರೊಪೆಲರುಗಳನ್ನು ಪರೀಕ್ಷಿಸಲು ಮುಚ್ಚಿದ ತೊಟ್ಟಿ ಮಾಡಿಸಿ, ಪಂಪಿನಿಂದ ಗಾಳಿ ಹೀರಿಸಿ ಒತ್ತಡ ತಗ್ಗಿಸಿದ್ದು ಇದೇ ಕಾರಣಕ್ಕೆ.

ನನಗೆ ತೋರುವುದು ಬೇರೆ. ಪ್ರೊಪೆಲರ್ ಮೇಲ್ಮೈಗೆ ಹತ್ತಿರವಿದೆ, ಮೇಲಿಂದ ಗಾಳಿಯನ್ನು ಎಳೆದುಕೊಳ್ಳುತ್ತಿದೆ. ಲಕ್ಷಣಗಳು ಎರಡಕ್ಕೂ ಒಂದೇ. ಪರೀಕ್ಷೆ ಸುಲಭ: ದೋಣಿಯನ್ನು ತೊಟ್ಟಿಯಲ್ಲಿ ಕಟ್ಟಿ ಹಾಕಿ ಕವಾಟ ತೆರೆಯಿರಿ. ಮೇಲ್ಮೈಯಿಂದ ಅಲಗಿನ ತುದಿಯವರೆಗೆ ಆಲಿಕೆಯಂತೆ ಸುಳಿ ಇಳಿದರೆ ಅದು ಗಾಳಿಯೇ.

ಉಗಿಯಾನಿ
ಸುಳಿ ಕಾಣುತ್ತದೆ! ಎಡಗಡೆಯ ಶಾಫ್ಟಿನ ಮೇಲೆ ಮೊದಲು, ಆಮೇಲೆ ಬಲಗಡೆ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಪ್ರೊಪೆಲರುಗಳು 50 ಮಿಲಿಮೀಟರ್, ಎರಡು ಅಲಗು, ತೆಳುವಾದವು, ಸ್ಪರ್ಧೆಯ ದೋಣಿಗಳಿಗೆ ಮಾರುವಂಥವು. ತೂಕ ನೀರು, ಅನಿಲ ಎಲ್ಲ ಸೇರಿ 6.3 ಕಿಲೊ. ವೇಗ ಬರಲೆಂದೇ ಒಡಲನ್ನು ಅತಿ ತೆಳು ಹಿತ್ತಾಳೆ ತಗಡಿನಲ್ಲಿ ಮಾಡಿದ್ದೇನೆ. ಬಣ್ಣದ ಗೆರೆಗಿಂತ ಸ್ವಲ್ಪ ಮೇಲೇ ತೇಲುತ್ತದೆ, ಅದು ಒಳ್ಳೆಯದಲ್ಲವೇ?

ಕಾರವಾರದ ಕಡಲಿಗ
ಇಲ್ಲೇ ಇದೆ ಗಂಟು. ಡೇರಿಂಗ್ ಸುಮಾರು 260 ಟನ್. 32ರ ಘನದಿಂದ ಭಾಗಿಸಿದರೆ ಎಂಟು ಕಿಲೊ ಬರುತ್ತದೆ. ನೀವು ಒಂದೂ ಮುಕ್ಕಾಲು ಕಿಲೊ ಕಡಿಮೆ ಇದ್ದೀರಿ, ಅಂದರೆ ಒಡಲು ಎಂಟು ಮಿಲಿಮೀಟರಿನಷ್ಟು ಮೇಲೆ ನಿಂತಿದೆ. ಅಲಗಿನ ತುದಿಯೂ ಅಷ್ಟೇ ಮೇಲೆ ಬಂದಿದೆ. ಹಗುರವಾದಷ್ಟೂ ಒಡಲಿನ ಪ್ರತಿರೋಧ ಕಡಿಮೆ, ನಿಜ. ಪ್ರೊಪೆಲರಿಗೆ ಬೇಕಾದದ್ದು ಆಳ. ಆ ಕಾಲದ ವಿನ್ಯಾಸಕಾರರು ಸಿಕ್ಕಿಕೊಂಡಿದ್ದೂ ಇಂಥದೇ ಇಕ್ಕಟ್ಟಿನಲ್ಲಿ. ಪರೀಕ್ಷಾ ಓಟಕ್ಕೆ ಕಡಿಮೆ ಹೊರೆ, ಆರಿಸಿದ ಕಲ್ಲಿದ್ದಲು, ನುರಿತ ಬೆಂಕಿಯಾಳುಗಳು. 27 ನಾಟ್ ಎಂದು ಹೆಸರಾದ ಹಡಗು ನಿಜವಾದ ಕಡಲಿನಲ್ಲಿ, ತುಂಬಿದ ಹೊರೆಯೊಂದಿಗೆ, ಆ ವೇಗದ ಹತ್ತಿರಕ್ಕೂ ಹೋಗುತ್ತಿರಲಿಲ್ಲ. 1903ರ ರಿವರ್ ವರ್ಗದ ಬ್ರಿಟಿಷ್ ವಿಧ್ವಂಸಕಗಳಲ್ಲಿ 25.5 ನಾಟ್ ಸಾಕೆಂದು ಒಪ್ಪಿ, ತೂಕವನ್ನು ಇಮ್ಮಡಿಯಾಗಿಸಿ, ಆಮೆಬೆನ್ನಿನ ಮುಂಭಾಗ ಬಿಟ್ಟು ಎತ್ತರದ ಮುಂಗಟ್ಟೆ ಕಟ್ಟಿದರು. ಅಲೆಗಳಲ್ಲಿ ವೇಗ ಉಳಿಸಿಕೊಂಡದ್ದು ಆ ಭಾರವಾದ ಹಡಗುಗಳೇ.

ಪಾರ್ಸನ್ಸ್ ಭಕ್ತ
ನನ್ನ ಟರ್ಬಿನಿಯಾ (ಪಾರ್ಸನ್ಸ್ ಅವರ ಟರ್ಬೈನ್ ನೌಕೆಯ ಮಾದರಿ) ನೋಡಿದ್ದರೆ ಇಷ್ಟು ಕಷ್ಟಪಡುತ್ತಿರಲಿಲ್ಲ. ಮೂರು ಶಾಫ್ಟ್, ಒಂದೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲರ್, ಎಲ್ಲವನ್ನೂ ನಾನೇ ಕಂಚಿನಲ್ಲಿ ಎರಕ ಹೊಯ್ದೆ. 1897ರಲ್ಲಿ ಸ್ಪಿಟ್‌ಹೆಡ್ ನೌಕಾ ಪ್ರದರ್ಶನದಲ್ಲಿ ಅಸಲಿ ಟರ್ಬಿನಿಯಾ 34 ನಾಟ್ ಓಡಿ ಇಡೀ ನೌಕಾಪಡೆಯನ್ನು ಬೆರಗುಗೊಳಿಸಿತು. ನನ್ನದರ ಶಾಫ್ಟ್ ಬೇರಿಂಗುಗಳ ಹೊಳಪನ್ನು ಚಿತ್ರದಲ್ಲಿ ಗಮನಿಸಿ.

ಬಾಯ್ಲರ್ ಮೇಸ್ತ್ರಿ
ಎರಕ ಬಹಳ ಚೆನ್ನಾಗಿದೆ. ಅಚ್ಚಿಗೆ ಯಾವ ಮರಳು ಬಳಸಿದಿರಿ?

ನಕ್ಷೆಮನೆ
ತಗಡು ತೆಳುವಾಗಿರುವುದಕ್ಕೂ ಒಂದು ಮಾತು. ಟರ್ಬೈನ್ ಎಂಜಿನ್ನಿನ ಬ್ರಿಟಿಷ್ ವಿಧ್ವಂಸಕ ಕೋಬ್ರಾ 1901ರ ಸೆಪ್ಟೆಂಬರ್ 18ರಂದು ಉತ್ತರ ಸಮುದ್ರದಲ್ಲಿ ಎರಡು ತುಂಡಾಗಿ 67 ಜನರು ಸತ್ತರು. ಆಮೇಲೆ ವುಲ್ಫ್ ಎಂಬ ವಿಧ್ವಂಸಕವನ್ನು ಒಣ ಡಾಕ್‌ನಲ್ಲಿ ಒಮ್ಮೆ ನಡುವೆ, ಒಮ್ಮೆ ಎರಡು ತುದಿಗಳಲ್ಲಿ ಆಧಾರ ಕೊಟ್ಟು ನಿಲ್ಲಿಸಿ, ಒಡಲು ಎಷ್ಟು ಬಾಗುತ್ತದೆಂದು ಅಳೆದರು. ನಿಮ್ಮ ನಡುಕದಲ್ಲಿ ಒಂದು ಪಾಲು ಶಾಫ್ಟ್ ಆಧಾರದ ಹತ್ತಿರದ ತಗಡಿನದೂ ಇರಬಹುದು. ಬೆರಳಿನಿಂದ ಒತ್ತಿ ನೋಡಿ, ಒಳಗೆ ತಗ್ಗುತ್ತದೆಯೇ?

ಉಗಿಯಾನಿ
ಬಾಯ್ಲರಿನ ಕೆಳಗೂ ಹಿಂಭಾಗದ ತಳದಲ್ಲೂ ಸೀಸದ ಪಟ್ಟಿ ಇಟ್ಟು ತೂಕವನ್ನು ಎಂಟು ಕಿಲೊಗೆ ತಂದೆ. ದೋಣಿ ಗೆರೆಗೆ ಸರಿಯಾಗಿ ಕೂತಿತು, ತಿರುವಿನಲ್ಲಿ ಓಲಾಡುವುದೂ ಕಡಿಮೆಯಾಯಿತು. ಸುಳಿ ಈಗ ಮುಕ್ಕಾಲು ಕವಾಟದವರೆಗೆ ಬರುವುದಿಲ್ಲ. ಪೂರ್ತಿ ತೆರೆದಾಗ ಎಡ ಶಾಫ್ಟಿನ ಮೇಲೆ ಮಾತ್ರ ಬರುತ್ತದೆ. ತಗಡು ತಗ್ಗುತ್ತದೆ, ಎರಡೂ ಬದಿ. ಎಡಕ್ಕೇ ಏಕೆ ಮೊದಲು ಎಂಬುದು ಅರ್ಥವಾಗುತ್ತಿಲ್ಲ.

ನೀರೊತ್ತಡ
ಎರಡು ಶಾಫ್ಟ್‌ಗಳೂ ಒಂದೇ ದಿಕ್ಕಿನಲ್ಲಿ ತಿರುಗುತ್ತವೆಯೇ? ಎಡದ ಅಲಗು ಒಡಲಿಗೆ ಎಷ್ಟು ಹತ್ತಿರವಿದೆ? ಮೂರು ಅಲಗಿನ, ವಿಸ್ತೀರ್ಣ ಹೆಚ್ಚಿರುವ ಜೋಡಿಯನ್ನು, ಒಂದು ಎಡತಿರುಗು ಒಂದು ಬಲತಿರುಗು, ಹಾಕಿ ನೋಡುವುದು ಒಳ್ಳೆಯದು. ವಿಸ್ತೀರ್ಣ ಹೆಚ್ಚಿದರೆ ಅಲಗಿನ ಪ್ರತಿ ಅಂಗುಲದ ಹೀರುವಿಕೆ ತಗ್ಗುತ್ತದೆ, ಗಾಳಿ ಇಳಿಯುವುದು ಕಷ್ಟವಾಗುತ್ತದೆ. ಆ ಮಟ್ಟಿಗೆ ನಕ್ಷೆಮನೆಯವರ ಸಲಹೆ ಸರಿ.

ಬಾಯ್ಲರ್ ಮೇಸ್ತ್ರಿ
ಪೂರ್ತಿ ಕವಾಟದಲ್ಲಿ ಉಳಿದಿರುವ ತೊಂದರೆ ಹಬೆಯದೇ ಎಂದು ನಾನು ಈಗಲೂ ಹೇಳುತ್ತೇನೆ. ಎಡ ಎಂಜಿನ್ನಿಗೆ ಹೋಗುವ ಕೊಳವೆ ಉದ್ದವಿದೆಯೇ?

ಉಗಿಯಾನಿ
ಒಂದೇ ಎಂಜಿನ್, ಗೇರಿನಿಂದ ಎರಡು ಶಾಫ್ಟ್. ಗೇರಿನಿಂದಾಗಿ ಅವು ಒಂದರ ವಿರುದ್ಧ ಇನ್ನೊಂದು ತಿರುಗುತ್ತವೆ. ಎಡಕ್ಕೆ ಹಾಕಿರುವುದು ಬಲತಿರುಗು ಅಲಗೇ, ಅದರ ಹಿಡಿಕೆಯ ತಿರುಪನ್ನು ಬಿಚ್ಚಿ ಹಿಂದುಮುಂದಾಗಿ ಕೂರಿಸಿದ್ದೆ.

ನೀರೊತ್ತಡ
ಹಿಂದುಮುಂದಾಗಿ ಕೂರಿಸಿದರೆ ಅಲಗಿನ ತಿರುಚು ಬದಲಾಗುವುದಿಲ್ಲ, ಬಲತಿರುಗು ಬಲತಿರುಗಾಗಿಯೇ ಉಳಿಯುತ್ತದೆ! ಹಾಗಿದ್ದರೆ ಎಡ ಶಾಫ್ಟ್ ದೋಣಿಯನ್ನು ಹಿಂದಕ್ಕೆ ತಳ್ಳಬೇಕು, ಆದರೂ ಅರ್ಧ ಹಬೆಯಲ್ಲಿ ಅದು ಅಚ್ಚುಕಟ್ಟಾಗಿ ಹೋಗುವುದು ವಿಚಿತ್ರ, ಅಲಗನ್ನು ಮತ್ತೊಮ್ಮೆ ನೋಡಿ. ಎಡತಿರುಗು ಪ್ರೊಪೆಲರ್ ತರಿಸಿ, ಅದು ಬರುವವರೆಗೆ ಎಡ ಶಾಫ್ಟನ್ನು ಬರಿದಾಗಿ ಬಿಟ್ಟು ಒಂದೇ ಪ್ರೊಪೆಲರಿನಲ್ಲಿ ಓಡಿಸಿ ವೇಗ ಬರೆದಿಡಿ.

ಸ್ಪೇನ್ ಪಕ್ಷಪಾತಿ
ಡೆಸ್ಟ್ರಕ್ಟರ್ ಕುರಿತು ಹೊಸ ಚರ್ಚೆ ತೆರೆದಿದ್ದೇನೆ. ನಕ್ಷೆಮನೆಯವರು ಅಲ್ಲಿಗೆ ಬರಬೇಕು.